ಬೆಕ್ಕಿಗೊಂದು ತಂತಿಬಲೆಯ ಅಂಗಳ

ಆಸ್ಟ್ರೇಲಿಯದ ಕ್ಯಾನ್‌ಬೆರ ನಗರದಲ್ಲಿ 2022ನೆಯ ಜುಲೈ 1ರಂದು ಮತ್ತು ಅನಂತರ ಹುಟ್ಟಿದ ಸಾಕುಬೆಕ್ಕುಗಳನ್ನು ಒಡೆಯರು ತಮ್ಮ ಆವರಣದೊಳಗೇ ಇರಿಸಿಕೊಳ್ಳಬೇಕೆಂಬುದು ನಿಯಮ. ಹಕ್ಕಿಗಳನ್ನೂ ಸಣ್ಣ ವನ್ಯಜೀವಿಗಳನ್ನೂ ಉಳಿಸುವುದು ಇದರ ಉದ್ದೇಶ. ವಾಹನಗಳ ಗಾಲಿಯಿಂದ ಬೆಕ್ಕೂ ಉಳಿಯುತ್ತದೆಯೆನ್ನಿ. ಆದರೆ ಬಿಸಿಲು, ಗಾಳಿ, ಏರಿ ಕೂರಲು ಎತ್ತರ ಇವೆಲ್ಲ ಬೆಕ್ಕಿಗೆ ಬೇಕು. ಆದುದರಿಂದ ಮನೆಗೆ ಹೊಂದಿಕೊಂಡಂತೆ ತಂತಿಬಲೆಯ ಅಂಗಳವನ್ನು ಕಟ್ಟುವವರುಂಟು. ಕಟ್ಟುವವನು ಬಡಗಿಯ ಕೆಲಸಕ್ಕಿಂತ ಮೊದಲು ಬೆಕ್ಕಿನ ಶರೀರರಚನೆಯನ್ನು ಅರಿತಿರಬೇಕು.

ನಮ್ಮ ಕೊರಳೆಲುಬು ಎದೆಯೆಲುಬಿಗೂ ಹೆಗಲಿಗೂ ಭದ್ರವಾಗಿ ಕೂಡಿಕೊಂಡಿದೆ. ಬೆಕ್ಕಿನಲ್ಲಾದರೋ ಅದು ಸಣ್ಣ ಕಡ್ಡಿಯಂತೆ ಮಾಂಸಖಂಡಗಳ ನಡುವೆ ಹುದುಗಿದೆಯಷ್ಟೆ; ಬೇರಾವ ಎಲುಬಿಗೂ ಕೀಲುಗೊಂಡಿಲ್ಲ. ಆದಕಾರಣ, ತಲೆ ನುಸುಳಿದ ಕಂಡಿಯಲ್ಲಿ ಬೆಕ್ಕು ಸಾಮಾನ್ಯವಾಗಿ ಮೈಯನ್ನೂ ತೂರಿಸಬಲ್ಲದು. ಬಲೆಯ ಕಣ್ಣು 2.5 ಸೆಂಟಿಮೀಟರನ್ನು ಮೀರದಿರಲಿ. ಸೊಳ್ಳೆಪರದೆಯ ಬಟ್ಟೆ ಸಲ್ಲದು. ಉಗುರು ಅದನ್ನು ಹರಿದುಬಿಡುತ್ತದೆ. ಸತುವಿನ ಲೇಪವುಳ್ಳ ಉಕ್ಕಿನ ತಂತಿ ಉತ್ತಮ. ಲೇಪದಲ್ಲಿ ಗೀರು ಬಿದ್ದರೂ, ಸತುವು ತಾನು ಮೊದಲು ಸವೆದು ಉಕ್ಕನ್ನು ತುಕ್ಕಿನಿಂದ ಕಾಯುತ್ತದೆ.

ಮೇಲ್ಗಡೆಯೂ ಬಲೆ ಹೊದಿಸುವುದೇ ಲೇಸು. ಅದಾಗದಿದ್ದಲ್ಲಿ, ಸುಮಾರು 1.8 ಮೀಟರ್ ಎತ್ತರದ ನುಣುಪಾದ ಬೇಲಿಯ ತುದಿಯುದ್ದಕ್ಕೂ ಸರಾಗವಾಗಿ ಉರುಳುವ ಕೊಳವೆಯನ್ನು ಜೋಡಿಸುವುದುಂಟು. ಮೈಯನ್ನು ಮೇಲೆತ್ತಿಕೊಳ್ಳಬೇಕಾದರೆ ಬೆಕ್ಕು ಪಂಜವನ್ನೂರಿ ಕೆಳಕ್ಕೆ ಎಳೆಯಬೇಕಷ್ಟೆ. ಎಳೆದೊಡನೆ ಕೊಳವೆ ತಿರುಗಿ ಆಧಾರ ತಪ್ಪುತ್ತದೆ. ಬೇಲಿಯ ಬಳಿ ಮರವೊಂದಿದ್ದರೆ ಈ ಜಾಣ್ಮೆಯೆಲ್ಲ ವ್ಯರ್ಥ!

ಬೆಕ್ಕು ಬೆವರುವುದು ಬಹುಮಟ್ಟಿಗೆ ಅಂಗಾಲಿನಲ್ಲಿ. ಅಷ್ಟರಿಂದ ಮೈ ತಣಿಯದು. ನೆರಳೂ ನೀರೂ ಸದಾ ಇರಬೇಕು. ಗಿಡಗಳನ್ನೂ ಇಡಬಹುದು, ಲಿಲಿ ಮಾತ್ರ ಬೇಡ. ತುಪ್ಪಳಕ್ಕೆ ಅಂಟಿದ ಅದರ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡಗಳು ಕೆಡಬಹುದು.