ಹಸು ಕೊಳ್ಳುವ ಮುನ್ನ ಉಳಿತಾಯ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಮಳೆ ಕಡಿಮೆಯಿರುವ ತಾಲ್ಲೂಕುಗಳು. ಶೇಂಗಾ ಕೈಕೊಟ್ಟ ವರ್ಷ ಬಡ ಕುಟುಂಬಕ್ಕೆ ಹಾಲಿನ ಬಟವಾಡೆಯೇ ಆಧಾರ. ಆದರೆ ಹೆಚ್ಚಿನ ಬಡ್ಡಿಗೆ ಸಾಲ ತಂದು ಹಸು ಕೊಂಡರೆ ಆ ಬಟವಾಡೆಯೂ ಸಾಹುಕಾರರ ಪಾಲಾಗುತ್ತದೆ.

ಇದಕ್ಕೆ ಸ್ವಸಹಾಯ ಸಂಘ ಒಂದು ದಾರಿ. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲೇ ಕರ್ನಾಟಕದಲ್ಲಿ ಇಂಥ ಸಣ್ಣ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಆರಂಭಿಸಿತು. ಅಡವಿಡಲು ಏನೂ ಇಲ್ಲದವರಿಗೆ ತಪ್ಪದ ಉಳಿತಾಯವೇ ಜಾಮೀನು ಎಂಬುದು ಇದರ ತಿರುಳು.

ಒಂದು ಲೆಕ್ಕ ನೋಡಿ. 30,000 ರೂ. ಸಾಲಕ್ಕೆ ತಿಂಗಳಿಗೆ ನೂರಕ್ಕೆ 5 ರೂ. ಬಡ್ಡಿಯಾದರೆ 1,500 ರೂ. ಕಟ್ಟಬೇಕು. ಸಂಘದಲ್ಲಿ ನೂರಕ್ಕೆ 2 ರೂ. ಆದರೆ 600 ರೂ. ಸಾಕು. ಉಳಿದ 900 ರೂ. ಹಸುವಿನ ಮೇವಿಗಾಯಿತು.

ನೆನಪಿಡಬೇಕಾದ ಅಂಶಗಳು:

1. ಮೊದಲು ಆರು ತಿಂಗಳು ತಪ್ಪದೆ ಉಳಿಸಿ. ನಂತರ ಸಾಲ ಕೇಳಿ.

2. ಹಸುವಿಗೆ ವಿಮೆ ಮಾಡಿಸಿ, ಕಿವಿಯೋಲೆ ಜೋಪಾನ.

3. ಕರು ಹಾಕುವ ಮುಂಚೆ 2 ತಿಂಗಳು ಹಾಲು ಬತ್ತಿಸಬೇಕು. ಆಗ ಬಟವಾಡೆ ಇಲ್ಲ, ಕಂತು ಮಾತ್ರ ನಿಲ್ಲದು. ಮತ್ತೆ ಸಾಹುಕಾರರ ಬಾಗಿಲಿಗೆ ಹೋಗುವ ಪ್ರಸಂಗ ಬರುವುದು ಇಂಥ ದಿನಗಳಲ್ಲೇ. ಆ ಎರಡು ಕಂತುಗಳನ್ನು ಹಾಲು ಹೆಚ್ಚಿರುವಾಗಲೇ ತೆಗೆದಿಡಿ.

ಸಾಲ ತೀರಿದ ಮೇಲೆ ಹಸುವೂ ನಿಮ್ಮದು, ಬಟವಾಡೆಯೂ ನಿಮ್ಮದು.