ಗಣಕದ ಭಾಷೆಗಳಿಗೆ ಹೆಸರು ಬಂದ ಬಗೆ

ವಿದ್ಯಾರ್ಥಿಗಳೇ, ಉದಕಮಂಡಲದ ಸಮೀಪ ಮುತ್ತೋರೈ ಇಳಿಜಾರಿನಲ್ಲಿರುವ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವನ್ನು ನೀವು ನೋಡಿರಬಹುದು. 1970ರಲ್ಲಿ ಅದನ್ನು ಕಟ್ಟಿ ಮುಗಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೇ ಅದಕ್ಕೂ ಹತ್ತು ವರ್ಷ ಮೊದಲು ಮುಂಬಯಿಯಲ್ಲಿ ಒಂದು ಗಣಕಯಂತ್ರವನ್ನು ತಯಾರಿಸಿತ್ತು. 1962ರಲ್ಲಿ ನೆಹರು ಅವರು ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಅದಕ್ಕೆ ಕೆಲಸ ಹೇಳಬೇಕಾದರೆ ಯಂತ್ರದ ಅಂಕಿ ಸಂಕೇತಗಳಲ್ಲೇ ಬರೆಯಬೇಕಾಗಿತ್ತು. ಒಂದು ಅಂಕಿ ತಪ್ಪಿದರೂ ಲೆಕ್ಕವೆಲ್ಲ ಕೆಟ್ಟಂತೆಯೇ!

ಇಂಥ ಕಷ್ಟವನ್ನು ನೀಗಿಸಲೆಂದೇ ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು 1957ರಲ್ಲಿ ಫೋರ್ಟ್ರಾನ್ ಭಾಷೆಯನ್ನು ಹೊರತಂದಿದ್ದರು. ಫಾರ್ಮುಲಾ ಟ್ರಾನ್ಸ್‌ಲೇಷನ್, ಅಂದರೆ ಸೂತ್ರಗಳ ಅನುವಾದ ಎಂಬುದರ ಮೊಟಕು ರೂಪವೇ ಈ ಹೆಸರು. ನೀವು ಗಣಿತದ ಪುಸ್ತಕದಲ್ಲಿ ಬರೆಯುವಂತೆ ಎ = ಬಿ + ಸಿ ಎಂದು ಬರೆದರೆ ಸಾಕು, ಯಂತ್ರವೇ ಅದನ್ನು ತನ್ನ ಸಂಕೇತಕ್ಕೆ ತಿರುಗಿಸಿಕೊಳ್ಳುತ್ತದೆ. 1964ರಲ್ಲಿ ಮುಂಬಯಿಯ ಅದೇ ಸಂಸ್ಥೆಗೆ ಬಂದ ಸಿ.ಡಿ.ಸಿ. 3600 ಯಂತ್ರಕ್ಕೆ ಫೋರ್ಟ್ರಾನ್ ತಿಳಿಯುತ್ತಿತ್ತು.

ವ್ಯಾಪಾರದ ಲೆಕ್ಕಕ್ಕಾಗಿ ಹುಟ್ಟಿದ ಕೋಬಾಲ್ ಕೂಡ ಮೊಟಕು ಹೆಸರೇ. 1970ರ ಪಾಸ್ಕಲ್ ಹಾಗಲ್ಲ. ಕೂಡುವ ಯಂತ್ರವನ್ನು ರಚಿಸಿದ ಬ್ಲೇಸ್ ಪಾಸ್ಕಲ್‌ನ ಹೆಸರನ್ನು ನಿಕ್ಲಾಸ್ ವಿರ್ತ್ ಅದಕ್ಕೆ ಇಟ್ಟರು. 1972ರ ವೇಳೆಗೆ ಡೆನಿಸ್ ರಿಚಿ ರೂಪಿಸಿದ ಭಾಷೆಯ ಹೆಸರಂತೂ ಇನ್ನೂ ಸರಳ. ಬಿ ಎಂಬ ಭಾಷೆಯ ನಂತರ ಬಂದುದು ಸಿ, ಅಷ್ಟೇ!