ಕರೆಂಟ್ ಹೋದಾಗಲೂ ಮನೆಯ ಫೋನ್ ನಡೆಯಬೇಕೆ?

ಫೈಬರ್ ಇಂಟರ್‌ನೆಟ್ ಹಾಕಿಸುವವರು ಮೊದಲು ಕೇಳುವುದು ‘ಎಷ್ಟು ಎಂಬಿಪಿಎಸ್?’ ಎಂದು. ಮಾತಾಡುವುದಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಧ್ವನಿ ಕರೆಗೆ ಹೋಗುವಾಗ, ಬರುವಾಗ ಸುಮಾರು 100 ಕೆಬಿಪಿಎಸ್ ಸಾಕು. ಕರೆಗಾಗಿಯೇ ದುಬಾರಿ ಪ್ಲಾನ್ ತೆಗೆದುಕೊಳ್ಳಬೇಡಿ.

ಬಿಎಸ್‌ಎನ್‌ಎಲ್, ಜಿಯೊ, ಏರ್‌ಟೆಲ್ ಫೈಬರ್ ಪ್ಲಾನ್‌ಗಳ ಜೊತೆ ಸಾಮಾನ್ಯವಾಗಿ ಲ್ಯಾಂಡ್‌ಲೈನ್ ಸೌಲಭ್ಯವೂ ಇರುತ್ತದೆ. ಮೋಡೆಮ್ ಹಿಂಬದಿ ‘ಫೋನ್’ ಅಥವಾ ‘ಟೆಲ್’ ಎಂದು ಬರೆದ ಕಿಂಡಿಗೆ ನಿಮ್ಮ ಹಳೆಯ ಫೋನ್ ಸಿಕ್ಕಿಸಿ. ಟೋನ್ ಬರದಿದ್ದರೆ ವಾಯ್ಸ್ ಸೇವೆ ಚಾಲೂ ಮಾಡಿಕೊಡಲು ಕಂಪನಿಗೆ ಹೇಳಿ. ಮೊಬೈಲ್‌ಗೆ ಕರೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕು. 2021ರ ಜನವರಿ 15ರಿಂದ ಇದೇ ನಿಯಮ. ಇದು ಗೊತ್ತಿಲ್ಲದೆ ‘ಫೋನೇ ಕೆಟ್ಟಿದೆ’ ಎಂದು ಮೂಲೆಗಿಟ್ಟವರು ಬಹಳ.

ಇನ್ನು ಎಲ್ಲರೂ ಎಡವುವ ಜಾಗ. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ವಿದ್ಯುತ್ ಬರುತ್ತಿತ್ತು. ಮಳೆಗಾಲದಲ್ಲಿ ಕರೆಂಟ್ ಹೋದರೂ, ತಂತಿ ಹರಿಯದಿದ್ದರೆ, ಮಲೆನಾಡಿನ ಮನೆಗಳಲ್ಲಿ ಫೋನ್ ರಿಂಗಾಗುತ್ತಿತ್ತು. ಫೈಬರ್ ಗಾಜಿನ ಎಳೆ. ಅದರಲ್ಲಿ ಬೆಳಕು ಬರುತ್ತದೆ, ವಿದ್ಯುತ್ ಬರುವುದಿಲ್ಲ. ಮೋಡೆಮ್ ಆರಿದರೆ ಫೋನೂ ಇಲ್ಲ, ವೈಫೈಯೂ ಇಲ್ಲ. ವಯಸ್ಸಾದವರಷ್ಟೇ ಇರುವ ಮನೆಗೆ ಇದು ಅಪಾಯ.

ಇನ್ವರ್ಟರ್ ಇದ್ದರೆ ಮೋಡೆಮ್‌ನ ಪ್ಲಗ್ ಆ ಲೈನಿನಲ್ಲಿದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಫ್ಯಾನು, ದೀಪಕ್ಕಷ್ಟೇ ಆ ಲೈನ್ ಎಳೆದಿರುತ್ತಾರೆ. ಇಲ್ಲದಿದ್ದರೆ ರೂಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ಕೊಳ್ಳಿ. ಮೋಡೆಮ್ ಅಡಾಪ್ಟರ್ ಮೇಲೆ ‘ಔಟ್‌ಪುಟ್’ ಎದುರು 12 ವೋಲ್ಟ್, 1 ಆಂಪಿಯರ್ ಎಂಬಂತೆ ಬರೆದಿರುತ್ತದೆ. ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಕಡಿಮೆ ಬೇಡ. ಫೈಬರ್ ಪೆಟ್ಟಿಗೆ, ವೈಫೈ ರೂಟರ್ ಬೇರೆಬೇರೆಯಾಗಿದ್ದರೆ ಎರಡಕ್ಕೂ ಬೇಕು. ಕಾರ್ಡ್‌ಲೆಸ್ ಫೋನ್ ಬೇಡವೇ ಬೇಡ: ಅದರ ಸ್ಟ್ಯಾಂಡಿಗೂ ಕರೆಂಟ್ ಬೇಕು. ವೈರ್ ಇರುವ ಸಾಧಾರಣ ಫೋನೇ ಒಳ್ಳೆಯದು. ಅಪಾರ್ಟ್‌ಮೆಂಟಿನಲ್ಲಿ ಕೇಬಲ್ ಆಪರೇಟರ್ ಕೆಳಗೆ ಸ್ವಿಚ್ ಪೆಟ್ಟಿಗೆ ಇಟ್ಟಿದ್ದರೆ, ಅದಕ್ಕೆ ಬ್ಯಾಕಪ್ ಇದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ. ಎಲ್ಲ ಜೋಡಿಸಿದ ಮೇಲೆ ಮೇನ್ ಸ್ವಿಚ್ ಆರಿಸಿ, ಅರ್ಧ ಗಂಟೆ ಬಿಟ್ಟು ಮೊಬೈಲ್‌ನಿಂದ ಕರೆ ಮಾಡಿ ನೋಡಿ. ಈ ಪರೀಕ್ಷೆಯನ್ನು ಅಂಗಡಿಯವರು ಮಾಡಿಕೊಡುವುದಿಲ್ಲ.

ಮನೆಯೊಳಗೆ ಸಿಗ್ನಲ್ ಸಿಗದವರು ಹೊಸ ಆ್ಯಪ್ ಹುಡುಕುವ ಮುನ್ನ ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಆರಂಭಿಸಿದವು. ನಿಮ್ಮದೇ ನಂಬರಿನಿಂದ ಮಾಮೂಲಿ ಕರೆ ಹೋಗುತ್ತದೆ. ಎದುರಿನವರ ಬಳಿ ಇಂಟರ್‌ನೆಟ್ ಇರಬೇಕೆಂದೇನಿಲ್ಲ. ನಿಮ್ಮ ಹ್ಯಾಂಡ್‌ಸೆಟ್‌ಗೆ ಈ ಸೌಲಭ್ಯ ಇರಬೇಕು, ಅಷ್ಟೆ.

ಆ್ಯಪ್‌ಗಳ ಬಗ್ಗೆ ಎರಡು ಮಾತು. ಸ್ಕೈಪ್ 2025ರ ಮೇನಲ್ಲಿ ಮುಚ್ಚಿತು. ವಾಟ್ಸ್‌ಆ್ಯಪ್ ಕರೆಗೆ ಎರಡೂ ಕಡೆ ಆ ಆ್ಯಪ್ ಬೇಕು. ಮಕ್ಕಳು ದುಬೈಯಲ್ಲಿದ್ದರೆ ಅಲ್ಲಿ ಅನುಮತಿ ಇರುವ ಬೋಟಿಮ್‌ನಂಥದ್ದನ್ನು ಹಾಕಿಕೊಳ್ಳಿ. ಅಪರಿಚಿತರು ಕಳಿಸಿದ ಲಿಂಕ್‌ನಿಂದ ಯಾವ ಆ್ಯಪನ್ನೂ ಹಾಕಿಕೊಳ್ಳಬೇಡಿ. ತುರ್ತು ಸಂಖ್ಯೆ 112ಕ್ಕೆ ವಾಟ್ಸ್‌ಆ್ಯಪ್‌ನಿಂದ ಕರೆ ಹೋಗುವುದಿಲ್ಲ. ಅದನ್ನು ಮಾಮೂಲಿ ಫೋನಿನಲ್ಲೇ ಒತ್ತಬೇಕೆಂದು ಮನೆಯ ಹಿರಿಯರಿಗೆ ತಿಳಿಸಿ.